ಮನೆ ವಿಮೆ: ವರ್ಷಕ್ಕೆ ಎಷ್ಟು ಖರ್ಚಾಗುತ್ತೆ? ಪ್ರೀಮಿಯಂ ಉಳಿಸುವುದು ಹೇಗೆ?

ಕಾರಿಗೆ ವಿಮೆ ಇಲ್ಲದಿದ್ದರೆ ರಸ್ತೆಗಿಳಿಸುವಂತಿಲ್ಲ, ಹಾಗಾಗಿ ಎಲ್ಲರೂ ಮಾಡಿಸುತ್ತಾರೆ. ಕಾರಿಗಿಂತ ಹತ್ತಾರು ಪಟ್ಟು ಬೆಲೆಬಾಳುವ, ಇಪ್ಪತ್ತು ವರ್ಷ ಕಂತು ಕಟ್ಟಿ ಕೊಂಡ ಮನೆಗೆ ಮಾತ್ರ ವಿಮೆ ಮಾಡಿಸಿದವರು ನಮ್ಮಲ್ಲಿ ಬಹಳ ಕಡಿಮೆ. ಕಾನೂನಿನ ಒತ್ತಾಯ ಇಲ್ಲ ಎನ್ನುವುದು ಒಂದು ಕಾರಣ. 'ಕೋಟಿ ರೂಪಾಯಿ ಮನೆಗೆ ಪ್ರೀಮಿಯಂ ಎಷ್ಟಾಗಬಹುದೋ' ಎಂಬ ಅಳುಕು ಇನ್ನೊಂದು. ಈ ಅಳುಕು ಬಹುಪಾಲು ಆಧಾರವಿಲ್ಲದ್ದು. ಮಹಾನಗರದ ಸಾಧಾರಣ ಫ್ಲ್ಯಾಟ್ ಒಂದರ ಕಟ್ಟಡಕ್ಕೆ ವರ್ಷಪೂರ್ತಿ ತಗಲುವ ಪ್ರೀಮಿಯಂ, ಅದೇ ಫ್ಲ್ಯಾಟಿಗೆ ತಿಂಗಳಿಗೆ ಕಟ್ಟುವ ಮೆಂಟೆನೆನ್ಸ್‌ಗಿಂತ ಕಡಿಮೆ ಇರುವುದೇ ಹೆಚ್ಚು.

ಅಪಾಯ ದೂರದ್ದೇನಲ್ಲ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಸುರಿದಿತ್ತು. 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಮುಳುಗಿದವು. 2023ರ ಜುಲೈನಲ್ಲಿ ದೆಹಲಿಯಲ್ಲಿ ಯಮುನೆ 208.66 ಮೀಟರ್ ಮಟ್ಟಕ್ಕೇರಿ ಹಳೆಯ ದಾಖಲೆ ಮುರಿಯಿತು. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಊರುಗಳೇ ಇವೆಲ್ಲ. ನೀರು ಇಳಿದ ಮೇಲೆ ಗೋಡೆ, ವೈರಿಂಗ್, ಪೀಠೋಪಕರಣ, ಫ್ರಿಜ್ಜುಗಳ ಖರ್ಚನ್ನು ಹೆಚ್ಚಿನ ಕುಟುಂಬಗಳು ಕೈಯಿಂದಲೇ ಭರಿಸಬೇಕಾಯಿತು.

ಮಾರುಕಟ್ಟೆ ಬೆಲೆಯಲ್ಲ, ಮತ್ತೆ ಕಟ್ಟುವ ಖರ್ಚು

ಮನೆ ವಿಮೆಯಲ್ಲಿ ಹಣ ಪೋಲಾಗುವ ಮೊದಲ ಜಾಗ ವಿಮಾ ಮೊತ್ತ. ಮುಂಬೈ ಉಪನಗರದಲ್ಲಿ 1.5 ಕೋಟಿ ರೂ.ಗೆ ಕೊಂಡ ಫ್ಲ್ಯಾಟ್ ಇದೆ ಎಂದುಕೊಳ್ಳೋಣ. ಮಾಲೀಕರು ಸಹಜವಾಗಿಯೇ 1.5 ಕೋಟಿಗೆ ವಿಮೆ ಬೇಕು ಎಂದು ಯೋಚಿಸುತ್ತಾರೆ. ಆದರೆ ಆ ಬೆಲೆಯ ದೊಡ್ಡ ಪಾಲು ಜಾಗದ್ದು, ರೈಲು ನಿಲ್ದಾಣ ಹತ್ತಿರವಿದೆ ಎಂಬುದರದ್ದು, ಬಿಲ್ಡರ್‌ನ ಹೆಸರಿನದ್ದು. ಬೆಂಕಿ ಬಿದ್ದರೂ ಭೂಕಂಪವಾದರೂ ಜಾಗ ಎಲ್ಲೂ ಹೋಗುವುದಿಲ್ಲ. ನಷ್ಟವಾಗುವುದು ಇಟ್ಟಿಗೆ, ಸಿಮೆಂಟು, ಕಬ್ಬಿಣ, ಕೂಲಿ.

ಆದ್ದರಿಂದ ಲೆಕ್ಕ ಹೀಗೆ: ಮನೆಯ ಕಾರ್ಪೆಟ್ ಏರಿಯಾವನ್ನು ಆ ಊರಿನ ಈಗಿನ ನಿರ್ಮಾಣ ದರದಿಂದ ಗುಣಿಸಬೇಕು. ಫ್ಲ್ಯಾಟ್‌ನ ಕಾರ್ಪೆಟ್ ಏರಿಯಾ 650 ಚದರ ಅಡಿ, ನಿರ್ಮಾಣ ದರ ಚದರ ಅಡಿಗೆ 2,500 ರೂ. ಎಂದಿಟ್ಟುಕೊಂಡರೆ ವಿಮಾ ಮೊತ್ತ 16.25 ಲಕ್ಷ ರೂ. ಅಷ್ಟೇ. ಗೋಡೆಗೆ ಭದ್ರವಾಗಿ ಕೂರಿಸಿದ ಕಪಾಟು, ಮಾಡ್ಯುಲರ್ ಅಡುಗೆಮನೆ, ಒಳ್ಳೆಯ ನೆಲಹಾಸು ಇದ್ದರೆ ಅವುಗಳ ಖರ್ಚಿಗೆ ತಕ್ಕಂತೆ ದರವನ್ನು ಹೆಚ್ಚಿಸಿಕೊಳ್ಳಬಹುದು.

ಪ್ರೀಮಿಯಂ ಮೇಲೆ ಇದರ ಪರಿಣಾಮ ನೋಡಿ. ವಿಮಾ ದರವನ್ನು ಸಾಮಾನ್ಯವಾಗಿ ಸಾವಿರ ರೂಪಾಯಿ ವಿಮಾ ಮೊತ್ತಕ್ಕೆ ಇಷ್ಟು ಪೈಸೆ ಎಂದು ಲೆಕ್ಕ ಹಾಕುತ್ತಾರೆ. ಕಂಪನಿ, ಊರು, ಕಟ್ಟಡಕ್ಕೆ ತಕ್ಕಂತೆ ದರ ಬೇರೆಯಾಗುತ್ತದೆ. ಉದಾಹರಣೆಗೆಂದು ಸಾವಿರಕ್ಕೆ 40 ಪೈಸೆ ಎಂದು ಇಟ್ಟುಕೊಂಡರೆ, 16.25 ಲಕ್ಷಕ್ಕೆ ವರ್ಷಕ್ಕೆ 650 ರೂ. ಆಗುತ್ತದೆ. ಶೇ. 18ರ ಜಿಎಸ್‌ಟಿ 117 ರೂ. ಸೇರಿದರೆ 767 ರೂ. ಅದೇ ದರದಲ್ಲಿ 1.5 ಕೋಟಿಗೆ ವಿಮೆ ಮಾಡಿಸಿದರೆ 6,000 ರೂ., ತೆರಿಗೆ ಸೇರಿ 7,080 ರೂ. ಸಾಮಾನ್ಯ ಪಾಲಿಸಿಯಲ್ಲಿ ಕಟ್ಟಡಕ್ಕೆ ಸಿಗುವ ಪರಿಹಾರ ಮತ್ತೆ ಕಟ್ಟುವ ಖರ್ಚನ್ನು ಮೀರುವುದಿಲ್ಲ. ಅಂದರೆ ಹೆಚ್ಚುವರಿಯಾಗಿ ಕಟ್ಟಿದ ಆರು ಸಾವಿರ ಚಿಲ್ಲರೆ ರೂಪಾಯಿ ಪ್ರತಿ ವರ್ಷ ಸುಮ್ಮನೆ ಹೋದಂತೆಯೇ. ಕೆಲವು ಕಂಪನಿಗಳು ಕನಿಷ್ಠ ಪ್ರೀಮಿಯಂ ನಿಗದಿ ಮಾಡಿರುವುದರಿಂದ ಸಣ್ಣ ಮನೆಗೆ ಲೆಕ್ಕಕ್ಕಿಂತ ತುಸು ಹೆಚ್ಚು ಕೇಳಬಹುದು.

ಬಹುಮಹಡಿ ಕಟ್ಟಡದ ಐದನೇ ಮಹಡಿಯ ಮನೆಯನ್ನು ಒಬ್ಬರೇ ಮತ್ತೆ ಕಟ್ಟಿಕೊಳ್ಳಲು ಆಗುವುದಿಲ್ಲವಲ್ಲ ಎಂಬ ಪ್ರಶ್ನೆ ಇಲ್ಲಿ ನ್ಯಾಯವಾದದ್ದೇ. ಇಡೀ ಕಟ್ಟಡವೇ ಕುಸಿದರೆ ಫ್ಲ್ಯಾಟ್ ಮಾಲೀಕರು ಏನು ಮಾಡಬೇಕು? ಇಂಥವರಿಗಾಗಿ ಕೆಲವು ಕಂಪನಿಗಳು ಮೊದಲೇ ಒಪ್ಪಿಕೊಂಡ ಮೌಲ್ಯ ನೀಡುವ ಪಾಲಿಸಿಗಳನ್ನು ಮಾರುತ್ತವೆ. ಅದರಲ್ಲಿ ಜಾಗದ ಬೆಲೆಯೂ ಸೇರಿದ ಮೊತ್ತಕ್ಕೆ ವಿಮೆ ಸಿಗುತ್ತದೆ, ಪ್ರೀಮಿಯಂ ಅದಕ್ಕೆ ತಕ್ಕಂತೆ ಜಾಸ್ತಿ. ಅದು ಬೇಕೇ ಬೇಡವೇ ಎಂಬುದು ಅವರವರ ಆಯ್ಕೆ. ಆದರೆ ಸಾಮಾನ್ಯ ಪಾಲಿಸಿ ಕೊಂಡು, ಮಾರುಕಟ್ಟೆ ಬೆಲೆ ಬರೆಸಿ, ಅಷ್ಟೂ ಸಿಗುತ್ತದೆ ಎಂದು ನಂಬಿ ಕೂರುವುದು ಅತ್ಯಂತ ಕೆಟ್ಟ ಆಯ್ಕೆ.

ಭಾರತ್ ಗೃಹ ರಕ್ಷಾದಲ್ಲಿ ಏನೆಲ್ಲ ಇದೆ

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು (ಐಆರ್‌ಡಿಎಐ) 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೆ ತಂದಿದೆ. ಬೆಂಕಿ ವಿಮೆ ಮಾರುವ ಸಾಮಾನ್ಯ ವಿಮಾ ಕಂಪನಿಗಳೆಲ್ಲ ಇದನ್ನು ಕೊಡಬೇಕು. ಮೂಲ ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ, ಬೆಲೆ ಮಾತ್ರ ಬೇರೆ. ಗ್ರಾಹಕರಿಗೆ ಇದು ದೊಡ್ಡ ಅನುಕೂಲ. ನಾಲ್ಕು ಕಂಪನಿಗಳ ದರವನ್ನು ಮುಂದಿಟ್ಟುಕೊಂಡು ಹೋಲಿಸಿ, ಕಡಿಮೆ ಇರುವುದನ್ನು ಧೈರ್ಯವಾಗಿ ಕೊಳ್ಳಬಹುದು. ಆರೋಗ್ಯ ವಿಮೆಯಲ್ಲಿ ಹೀಗೆ ಮಾಡಲು ಹೋದರೆ ಷರತ್ತುಗಳ ಕಾಡಿನಲ್ಲಿ ದಾರಿ ತಪ್ಪುತ್ತದೆ.

ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಚಂಡಮಾರುತ, ಪ್ರವಾಹ, ಭೂಕುಸಿತ, ಮರ ಅಥವಾ ವಾಹನ ಬಂದು ಬಡಿದು ಆಗುವ ಹಾನಿ, ಗಲಭೆ, ಭಯೋತ್ಪಾದಕ ಕೃತ್ಯ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆದು ಆಗುವ ನಷ್ಟ ಇವೆಲ್ಲ ಮೂಲ ಪಾಲಿಸಿಯಲ್ಲೇ ಸೇರಿವೆ. ಭೂಕಂಪಕ್ಕೆ, ಭಯೋತ್ಪಾದನೆಗೆ ಪ್ರತ್ಯೇಕ ಹಣ ಕಟ್ಟುವ ಅಗತ್ಯ ಈಗ ಇಲ್ಲ. ಯಾರಾದರೂ ಏಜೆಂಟರು ಈ ಪಾಲಿಸಿಯ ಮೇಲೆ 'ಭೂಕಂಪದ ಆಡ್-ಆನ್' ಎಂದು ಮತ್ತೆ ಕೇಳಿದರೆ ಕಾರಣ ವಿಚಾರಿಸಲೇಬೇಕು. ಕಾಂಪೌಂಡ್ ಗೋಡೆ, ಗೇಟು, ಛಾವಣಿಯ ಸೋಲಾರ್ ಫಲಕ, ನೀರಿನ ಟ್ಯಾಂಕುಗಳೂ ಕಟ್ಟಡದ ವ್ಯಾಪ್ತಿಗೆ ಬರುತ್ತವೆ.

ಹೆಚ್ಚು ಜನರಿಗೆ ಗೊತ್ತಿಲ್ಲದ ಅಂಶ ಮನೆಯೊಳಗಿನ ಸಾಮಾನುಗಳದ್ದು. ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂ.ವರೆಗೆ, ಸಾಮಾನುಗಳಿಗೆ ತಾನಾಗಿಯೇ ವಿಮೆ ಸಿಗುತ್ತದೆ. ಇದಕ್ಕೆ ಪಟ್ಟಿ ಕೊಡುವ ಅಗತ್ಯವೂ ಇಲ್ಲ. ಮೇಲಿನ ಉದಾಹರಣೆಯಲ್ಲಿ ಅದು 3.25 ಲಕ್ಷ ರೂ. ಟಿವಿ, ಫ್ರಿಜ್, ವಾಷಿಂಗ್ ಮಷಿನ್, ಮಂಚ, ಸೋಫಾ ಎಲ್ಲ ಕೂಡಿಸಿದರೂ ಅಷ್ಟರೊಳಗೆ ಬರುವ ಮನೆಗಳು ಬೇಕಾದಷ್ಟಿವೆ. ಅಂಥವರು ಸಾಮಾನುಗಳಿಗೆಂದೇ ಇನ್ನೊಂದು ಪಾಲಿಸಿ ಕೊಳ್ಳುವುದು ಬೇಕಿಲ್ಲ. ಹೆಚ್ಚು ಬೆಲೆಯ ಸಾಮಾನು ಇದ್ದರೆ ಮಾತ್ರ ಪಟ್ಟಿ ಕೊಟ್ಟು ಮೊತ್ತ ಏರಿಸಿಕೊಳ್ಳಬಹುದು.

ಹಾನಿಯಾದ ಮನೆ ಮತ್ತೆ ವಾಸಯೋಗ್ಯ ಆಗುವವರೆಗೆ ಬೇರೆಡೆ ಕಟ್ಟುವ ಬಾಡಿಗೆ, ಮನೆ ಬಾಡಿಗೆಗೆ ಕೊಟ್ಟಿದ್ದರೆ ತಪ್ಪಿಹೋದ ಬಾಡಿಗೆ ಆದಾಯ ಕೂಡ ಇದರಲ್ಲಿ ಸಿಗುತ್ತದೆ. ಅವಶೇಷ ತೆಗೆಸಲು ಕ್ಲೇಮು ಮೊತ್ತದ ಶೇ. 2, ವಾಸ್ತುಶಿಲ್ಪಿ ಹಾಗೂ ಎಂಜಿನಿಯರ್ ಶುಲ್ಕಕ್ಕೆ ಶೇ. 5ರವರೆಗೆ ಅವಕಾಶವಿದೆ.

ಇನ್ನೊಂದು ಮುಖ್ಯ ರಕ್ಷಣೆ 'ಕಡಿಮೆ ವಿಮೆ'ಯ ದಂಡ ಇಲ್ಲದಿರುವುದು. ಹಳೆಯ ಮಾದರಿಯ ಪಾಲಿಸಿಗಳಲ್ಲಿ, 20 ಲಕ್ಷದ ಕಟ್ಟಡಕ್ಕೆ 10 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿ 4 ಲಕ್ಷ ನಷ್ಟವಾದರೆ ಕೈಗೆ ಬರುತ್ತಿದ್ದದ್ದು 2 ಲಕ್ಷ. ಭಾರತ್ ಗೃಹ ರಕ್ಷಾದಲ್ಲಿ ಆ ಕಡಿತ ಇಲ್ಲ. ಹಾಗೆಂದು ಕಾರ್ಪೆಟ್ ಏರಿಯಾವನ್ನೇ ಸುಳ್ಳು ಬರೆಸಿ ಪ್ರೀಮಿಯಂ ಉಳಿಸಲು ಹೋಗಬಾರದು. ತಪ್ಪು ಮಾಹಿತಿ ಕೊಟ್ಟದ್ದು ಕ್ಲೇಮಿನ ಹೊತ್ತಿಗೆ ಹೊರಬಿದ್ದರೆ ಪಾಲಿಸಿಯೇ ಕೈಕೊಡುತ್ತದೆ.

ಕಳ್ಳತನ ಇದರಲ್ಲಿ ಇಲ್ಲ

'ಮನೆ ವಿಮೆ' ಎಂದ ಕೂಡಲೇ ಜನರ ಮನಸ್ಸಿಗೆ ಬರುವುದು ಕಳ್ಳತನ. ವಿಚಿತ್ರವೆಂದರೆ ಭಾರತ್ ಗೃಹ ರಕ್ಷಾದ ಮೂಲ ಪಾಲಿಸಿಯಲ್ಲಿ ಸಾಮಾನ್ಯ ಕಳ್ಳತನಕ್ಕೆ ರಕ್ಷಣೆ ಇಲ್ಲ. ಪ್ರವಾಹ, ಬೆಂಕಿಯಂಥ ವಿಮಾ ವ್ಯಾಪ್ತಿಯ ಘಟನೆ ನಡೆದ 7 ದಿನಗಳೊಳಗೆ, ಆ ಘಟನೆಯಿಂದಾಗಿ ಕಳ್ಳತನವಾದರೆ ಮಾತ್ರ ಪರಿಹಾರ. ರಜೆಗೆ ಊರಿಗೆ ಹೋದಾಗ ಬೀಗ ಒಡೆದು ಕದ್ದರೆ ಈ ಪಾಲಿಸಿ ಸಹಾಯಕ್ಕೆ ಬರದು. ಅದಕ್ಕೆ ಕನ್ನಗಳವಿನ ಪ್ರತ್ಯೇಕ ಕವರ್ ಅಥವಾ ಅದನ್ನು ಒಳಗೊಂಡ ಪ್ಯಾಕೇಜ್ ಪಾಲಿಸಿ ಬೇಕು. ಬೇಸಿಗೆ ರಜೆಯಲ್ಲಿ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕುವ ಕುಟುಂಬಗಳು ಈ ಕವರ್‌ನಲ್ಲಿ ಖಾಲಿ ಮನೆಯ ಬಗ್ಗೆ ಏನು ಷರತ್ತು ಇದೆ ಎಂಬುದನ್ನು ಓದಿಯೇ ಹಣ ಕಟ್ಟಬೇಕು.

ಒಡವೆ, ಬೆಳ್ಳಿ ಸಾಮಾನು, ಕಲಾಕೃತಿಗಳೂ ಸಾಮಾನ್ಯ ವಸ್ತುಗಳ ಪಟ್ಟಿಯಲ್ಲಿ ಬರುವುದಿಲ್ಲ. ಒಪ್ಪಿದ ಮೌಲ್ಯದ ಮೇಲೆ ಐಚ್ಛಿಕ ಕವರ್ ತೆಗೆದುಕೊಳ್ಳಬೇಕು, ಇದು ಕಟ್ಟಡದ ವಿಮೆಗೆ ಹೋಲಿಸಿದರೆ ದುಬಾರಿ. ಒಡವೆಗಳ ಬಹುಪಾಲನ್ನು ಬ್ಯಾಂಕ್ ಲಾಕರ್‌ನಲ್ಲಿಟ್ಟು, ದಿನಬಳಕೆಯ ಸರ, ಬಳೆಗಳಿಗೆ ಮಾತ್ರ ವಿಮೆ ಮಾಡಿಸಿದರೆ ಉಳಿತಾಯ ಕಣ್ಣಿಗೆ ಕಾಣುವಷ್ಟಿರುತ್ತದೆ.

ಶಾರ್ಟ್ ಸರ್ಕ್ಯೂಟ್ ವಿಷಯದಲ್ಲೂ ಗೊಂದಲವಿದೆ. ಎಸಿಯಲ್ಲಿ ಶಾರ್ಟ್ ಆಗಿ ಬೆಂಕಿ ಹೊತ್ತಿ ಕೋಣೆ ಸುಟ್ಟರೆ ಕೋಣೆಗೆ ಪರಿಹಾರ ಸಿಗುತ್ತದೆ, ಆದರೆ ಶಾರ್ಟ್ ಆದ ಆ ಎಸಿಗೆ ಸಿಗುವುದಿಲ್ಲ. ಮಳೆಗಾಲದಲ್ಲಿ ಗೋಡೆ ಒಸರುವುದು, ಹಳೆಯದಾಗಿ ಪ್ಲಾಸ್ಟರ್ ಉದುರುವುದು ಸವೆತದ ಲೆಕ್ಕಕ್ಕೆ ಹೋಗುತ್ತವೆ. ಮುಂಬೈ, ಮಂಗಳೂರಿನ ಮಳೆ ಕಂಡವರಿಗೆ ಇದು ಬೇಸರ ತರುವ ಸಂಗತಿ, ಆದರೆ ನಿಯಮ ಹಾಗಿದೆ.

ಗೃಹಸಾಲದ ಜತೆ ಬರುವ 'ವಿಮೆ' ಯಾವುದು?

ಬಹುಶಃ ಅತಿ ಹೆಚ್ಚು ಹಣ ಸೋರಿಹೋಗುವುದು ಇಲ್ಲೇ. ಸಾಲ ಮಂಜೂರಾಗುವ ಹೊತ್ತಿಗೆ ಬ್ಯಾಂಕಿನ ಸಿಬ್ಬಂದಿ ಹತ್ತಾರು ಕಾಗದಗಳ ನಡುವೆ ವಿಮೆಯ ಅರ್ಜಿಗೂ ಸಹಿ ಹಾಕಿಸುತ್ತಾರೆ. ಮನೆಗೆ ವಿಮೆಯಾಯಿತು ಎಂದು ಗ್ರಾಹಕರು ನಿಶ್ಚಿಂತರಾಗುತ್ತಾರೆ. ವಾಸ್ತವದಲ್ಲಿ ಅದು ಹಲವು ಬಾರಿ ಸಾಲಗಾರರ ಜೀವ ವಿಮೆ. ಸಾಲ ಪಡೆದವರು ತೀರಿಕೊಂಡರೆ ಬಾಕಿ ಸಾಲ ತೀರಿಸುವ ಪಾಲಿಸಿ ಅದು. ಮನೆಗೆ ಬೆಂಕಿ ಬಿದ್ದರೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಎರಡೂ ಬೇಕಾದ ವಿಮೆಗಳೇ, ಆದರೆ ಒಂದನ್ನು ಇನ್ನೊಂದು ಎಂದು ತಿಳಿದಿರುವುದು ಅಪಾಯ.

ಆ ಜೀವ ವಿಮೆಯ ಒಂದೇ ಕಂತಿನ ಪ್ರೀಮಿಯಂ ಅನ್ನು ಸಾಲದ ಮೊತ್ತಕ್ಕೇ ಸೇರಿಸುವುದು ವಾಡಿಕೆ. 1 ಲಕ್ಷ ರೂ. ಪ್ರೀಮಿಯಂ ಅನ್ನು ಶೇ. 8.5 ಬಡ್ಡಿಯ, 20 ವರ್ಷದ ಸಾಲಕ್ಕೆ ಸೇರಿಸಿದರೆ ತಿಂಗಳ ಕಂತು ಸುಮಾರು 868 ರೂ. ಏರುತ್ತದೆ. ಇಪ್ಪತ್ತು ವರ್ಷದಲ್ಲಿ ಕಟ್ಟುವ ಒಟ್ಟು ಹಣ 2.08 ಲಕ್ಷ ರೂ. ದಾಟುತ್ತದೆ. ಬೇರೆ ಟರ್ಮ್ ವಿಮೆ ಈಗಾಗಲೇ ಸಾಕಷ್ಟು ಇರುವವರು ಇದನ್ನು ಬೇಡ ಎನ್ನಬಹುದು. ಬೇಕೆನಿಸಿದರೂ ಪ್ರೀಮಿಯಂ ಅನ್ನು ಕೈಯಿಂದ ಕಟ್ಟುವುದು ಲಾಭ.

ಕಟ್ಟಡಕ್ಕೆ ವಿಮೆ ಇರಬೇಕೆಂದು ಸಾಲದ ಕರಾರಿನಲ್ಲಿ ಬ್ಯಾಂಕ್ ಷರತ್ತು ಹಾಕಬಹುದು, ಅದು ಸಮಂಜಸ. ಆದರೆ ತಾನು ತೋರಿಸಿದ ಕಂಪನಿಯಿಂದಲೇ ಕೊಳ್ಳಬೇಕು ಎಂದು ಒತ್ತಾಯಿಸುವುದಕ್ಕೆ ಕಾನೂನಿನ ಬೆಂಬಲ ಇಲ್ಲ. ಹೊರಗೆ ಕಡಿಮೆ ದರಕ್ಕೆ ಸಿಕ್ಕ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಸೇರಿಸಿ ಪ್ರತಿ ಕೊಟ್ಟರೆ ಆಯಿತು. ಇನ್ನೊಂದು ಎಚ್ಚರಿಕೆ: ಬ್ಯಾಂಕ್ ಮಾಡಿಸಿದ ಕಟ್ಟಡ ವಿಮೆ ಬಾಕಿ ಸಾಲದ ಮಟ್ಟಿಗೆ ಮಾತ್ರ ಇದೆಯೇ, ಸಾಲ ತೀರಿದ ಮೇಲೆ ಮುಂದುವರಿಯುತ್ತದೆಯೇ ಎಂದು ಪಾಲಿಸಿ ಪತ್ರ ತೆಗೆದು ನೋಡಬೇಕು. ಸಾಲ ಮುಗಿಸಿದ ಸಂಭ್ರಮದಲ್ಲಿ ವಿಮೆಯೂ ಮುಗಿದದ್ದು ಗೊತ್ತೇ ಆಗದ ಮನೆಗಳಿವೆ.

ಸೊಸೈಟಿ ವಿಮೆ ಇದ್ದರೆ?

ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಸೊಸೈಟಿಯು ಬೆಂಕಿ ಮತ್ತು ಭೂಕಂಪದ ಅಪಾಯಕ್ಕೆ ಕಟ್ಟಡದ ವಿಮೆ ಮಾಡಿಸಬೇಕು. ಮುಂಬೈ, ಪುಣೆಯಲ್ಲಿ ಇರುವವರು ತಮ್ಮ ಮೆಂಟೆನೆನ್ಸ್ ಬಿಲ್ಲಿನಲ್ಲಿ ವಿಮೆಯ ಸಾಲು ಇದೆಯೇ ನೋಡಿಕೊಳ್ಳಲಿ. ಇದ್ದರೆ ಕಾರ್ಯದರ್ಶಿಯವರ ಬಳಿ ಪಾಲಿಸಿಯ ಪ್ರತಿ ಕೇಳಿ ಮೂರು ಸಂಗತಿ ತಿಳಿದುಕೊಳ್ಳಬೇಕು. ವಿಮಾ ಮೊತ್ತ ಈಗಿನ ನಿರ್ಮಾಣ ದರಕ್ಕೆ ಸಾಕಾಗುತ್ತದೆಯೇ? ಪ್ರವಾಹ ಸೇರಿದೆಯೇ? ಫ್ಲ್ಯಾಟ್‌ಗಳ ಒಳಭಾಗವೂ ಬರುತ್ತದೆಯೇ, ಅಥವಾ ಲಿಫ್ಟು, ಮೆಟ್ಟಿಲು, ಹೊರಗೋಡೆಗಳಂಥ ಸಾಮಾನ್ಯ ಭಾಗ ಮಾತ್ರವೇ?

ಎಲ್ಲ ಸರಿಯಿದ್ದರೆ ಸದಸ್ಯರು ಕಟ್ಟಡಕ್ಕೆ ಮತ್ತೆ ವಿಮೆ ಮಾಡಿಸುವುದು ವ್ಯರ್ಥ, ಸಾಮಾನುಗಳಿಗೆ ಮಾತ್ರ ಮಾಡಿಸಿದರೆ ಸಾಕು. ಒಂದೇ ನಷ್ಟಕ್ಕೆ ಎರಡು ಪಾಲಿಸಿಯಿಂದ ಎರಡು ಪಟ್ಟು ಹಣ ಬರುವುದಿಲ್ಲ. ಸೊಸೈಟಿ ವಿಮೆ ಇಲ್ಲದ ಕಡೆ ವಾರ್ಷಿಕ ಸಭೆಯಲ್ಲಿ ಪ್ರಸ್ತಾಪಿಸುವುದು ಒಳ್ಳೆಯದು. ನೂರು ಮನೆಗಳಿಗೆ ಒಟ್ಟಿಗೆ ದರ ಕೇಳಿದಾಗ ಚೌಕಾಸಿಗೆ ಜಾಗವಿರುತ್ತದೆ. ಬಾಡಿಗೆದಾರರಿಗಂತೂ ಕಟ್ಟಡದ ಚಿಂತೆಯೇ ಬೇಡ, ಸಾಮಾನುಗಳಿಗೆ ಮಾತ್ರವೇ ಪಾಲಿಸಿ ಸಿಗುತ್ತದೆ.

ಊರಿಂದ ಊರಿಗೆ ದರ ಏಕೆ ಬೇರೆ

ಭಾರತೀಯ ಮಾನಕ ಬ್ಯೂರೊದ 2016ರ ಸಂಹಿತೆಯ ನಕ್ಷೆಯಲ್ಲಿ ದೆಹಲಿ ಭೂಕಂಪದ 4ನೇ ವಲಯದಲ್ಲಿದೆ. ಮುಂಬೈ, ಪುಣೆ, ಚೆನ್ನೈ 3ನೇ ವಲಯದಲ್ಲಿ, ಹೈದರಾಬಾದ್ ಮತ್ತು ಬೆಂಗಳೂರು 2ನೇ ವಲಯದಲ್ಲಿವೆ. ಸಂಖ್ಯೆ ಹೆಚ್ಚಿದಷ್ಟೂ ಅಪಾಯ ಹೆಚ್ಚು. ವಿಮಾ ಕಂಪನಿಗಳು ದರಕ್ಕೆ ತಮ್ಮದೇ ವಿಂಗಡಣೆ ಬಳಸಿದರೂ ತರ್ಕ ಇದೇ. ಕಟ್ಟಡದ ವಯಸ್ಸು, ಗೋಡೆ ಮತ್ತು ಛಾವಣಿ ಯಾವುದರದ್ದು, ಹಿಂದೆ ಕ್ಲೇಮು ಆಗಿದೆಯೇ, ನೀರು ನುಗ್ಗುವ ತಗ್ಗು ಪ್ರದೇಶವೇ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಹೊರರಾಜ್ಯದಲ್ಲಿ ದುಡಿಯುವ ಅನೇಕರಿಗೆ ಊರಿನಲ್ಲೂ ಒಂದು ಹಿರಿಯರ ಮನೆ ಇರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ ಇಂಥ ಮನೆಗಳ ಬಗ್ಗೆ ಯೋಚನೆ ಶುರುವಾಗಿದೆ. ಆರ್‌ಸಿಸಿ ಮನೆಗೆ ವಿಮೆ ಸುಲಭ. ಮಣ್ಣಿನ ಗೋಡೆ, ಹುಲ್ಲು ಛಾವಣಿಯಂಥ ಕಚ್ಚಾ ಕಟ್ಟಡಕ್ಕೆ ದರ ಹೆಚ್ಚು, ಕೆಲವೊಮ್ಮೆ ಕಂಪನಿಯೇ ಒಪ್ಪದು. ಮನೆ ಇನ್ನೂ ತೀರಿಹೋದ ಹಿರಿಯರ ಹೆಸರಿನಲ್ಲೇ ಇದ್ದರೆ ಮೊದಲು ಖಾತೆ ಸರಿಮಾಡಿಕೊಳ್ಳಬೇಕು, ಇಲ್ಲವಾದರೆ ಕ್ಲೇಮಿನ ಹಣ ಯಾರಿಗೆ ಎಂಬಲ್ಲೇ ತಕರಾರು ಹುಟ್ಟುತ್ತದೆ. ಹೋಂಸ್ಟೇ ಅಥವಾ ಪಿಜಿ ನಡೆಸಲು ಕೊಟ್ಟಿದ್ದರೆ ವಾಸದ ಮನೆಯ ಪಾಲಿಸಿ ಸಲ್ಲುವುದಿಲ್ಲ. ಅಲ್ಲಿ ವ್ಯಾಪಾರದ ಪಾಲಿಸಿಯೇ ಬೇಕು.

ಹತ್ತು ವರ್ಷಕ್ಕೆ ಒಟ್ಟಿಗೆ ಕಟ್ಟಬಹುದೇ?

ಭಾರತ್ ಗೃಹ ರಕ್ಷಾ ಪಾಲಿಸಿಯನ್ನು ಗರಿಷ್ಠ 10 ವರ್ಷಕ್ಕೆ ಕೊಳ್ಳಬಹುದು. ಒಟ್ಟಿಗೆ ಕಟ್ಟಿದರೆ ಕಂಪನಿಗಳು ರಿಯಾಯಿತಿ ಕೊಡುತ್ತವೆ, ವರ್ಷ ವರ್ಷ ನವೀಕರಿಸಲು ಮರೆಯುವ ಭಯವೂ ಇಲ್ಲ. ನಿರ್ಮಾಣ ವೆಚ್ಚ ಏರುವುದನ್ನು ಗಮನದಲ್ಲಿಟ್ಟು ಕಟ್ಟಡದ ವಿಮಾ ಮೊತ್ತ ಪ್ರತಿ ವರ್ಷ ಶೇ. 10ರಷ್ಟು, ಹೆಚ್ಚುವರಿ ಪ್ರೀಮಿಯಂ ಇಲ್ಲದೆ ಏರುತ್ತದೆ. 20 ಲಕ್ಷಕ್ಕೆ ಮಾಡಿಸಿದ್ದು ಎರಡನೇ ವರ್ಷ 22 ಲಕ್ಷ, ಮೂರನೇ ವರ್ಷ 24 ಲಕ್ಷ. ಆರಂಭದ ಮೊತ್ತದ ಎರಡು ಪಟ್ಟು ಇದರ ಮಿತಿ. ನಡುವೆ ಮನೆ ಮಾರಿದರೆ ಗತಿ ಏನು ಎಂಬ ಆತಂಕ ಬೇಡ. 2024ರ ಐಆರ್‌ಡಿಎಐ ನಿಯಮದ ಪ್ರಕಾರ ಪಾಲಿಸಿಯನ್ನು ಯಾವಾಗ ಬೇಕಾದರೂ ರದ್ದುಪಡಿಸಿ, ಉಳಿದ ಅವಧಿಯ ಪ್ರೀಮಿಯಂ ವಾಪಸ್ ಪಡೆಯಬಹುದು.

ಉಳಿದ ಉಳಿತಾಯಗಳು ಸಣ್ಣವು. ಕಂಪನಿಯ ಜಾಲತಾಣದಲ್ಲೇ ನೇರವಾಗಿ ಕೊಂಡರೆ, ಕಟ್ಟಡದಲ್ಲಿ ಕಾವಲುಗಾರ, ಸಿಸಿಟಿವಿ, ಬೆಂಕಿ ಎಚ್ಚರಿಕೆ ಗಂಟೆ ಇದ್ದರೆ ಕೆಲವು ಕಂಪನಿಗಳು ರಿಯಾಯಿತಿ ಕೊಡುತ್ತವೆ. ಪ್ಯಾಕೇಜ್ ಪಾಲಿಸಿಗಳಲ್ಲಿ ಸಣ್ಣ ನಷ್ಟವನ್ನು ತಾವೇ ಭರಿಸುತ್ತೇವೆ ಎಂದು ಒಪ್ಪಿದರೆ ದರ ಇಳಿಯುವುದುಂಟು.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದಿದ್ದರೂ ಮನೆ ವಿಮೆಗೆ ಆ ಅನುಕೂಲ ಸಿಕ್ಕಿಲ್ಲ. ಆದಾಯ ತೆರಿಗೆಯ 80ಸಿ, 80ಡಿ ವಿನಾಯಿತಿಗಳೂ ಇದಕ್ಕೆ ಅನ್ವಯಿಸುವುದಿಲ್ಲ. 'ತೆರಿಗೆ ಉಳಿಯುತ್ತದೆ' ಎಂದು ಹೇಳಿ ಮನೆ ವಿಮೆ ಮಾರುವವರ ಮಾತು ನಂಬಬೇಕಿಲ್ಲ.

ಕ್ಲೇಮಿಗೆ ಬೇಕಾದ ಸಿದ್ಧತೆ

ಖರೀದಿ ಪತ್ರ, ಫ್ಲ್ಯಾಟ್ ನಕ್ಷೆ, ದೊಡ್ಡ ಸಾಮಾನುಗಳ ಬಿಲ್ಲು, ಪ್ರತಿ ಕೋಣೆಯ ಫೋಟೊ ಮೊಬೈಲಿನಲ್ಲಷ್ಟೇ ಅಲ್ಲದೆ ಇಮೇಲ್‌ನಲ್ಲೂ ಇರಲಿ. ನೀರು ನುಗ್ಗಿದಾಗ ಕಾಗದಪತ್ರವೂ ಹೋಗುತ್ತದೆ, ಫೋನೂ ಹೋಗುತ್ತದೆ. ಹಾನಿಯಾದ ಕೂಡಲೇ ಕಂಪನಿಗೆ ತಿಳಿಸಬೇಕು. ಸರ್ವೇಯರ್ ಬಂದು ನೋಡುವ ಮೊದಲು ಹಾಳಾದ ಸಾಮಾನು ಗುಜರಿಗೆ ಹಾಕಬಾರದು. ಸ್ವಚ್ಛಗೊಳಿಸುವುದು ಅನಿವಾರ್ಯವಾದರೆ ಫೋಟೊ, ವಿಡಿಯೊ ತೆಗೆದ ಮೇಲೆಯೇ ಕೈಹಾಕಬೇಕು.

ಕ್ಲೇಮು ತಿರಸ್ಕರಿಸಿದರೆ ಅಥವಾ ಕಡಿಮೆ ಕೊಟ್ಟರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ, ಅಥವಾ ಐಆರ್‌ಡಿಎಐನ 'ಬಿಮಾ ಭರೋಸಾ' ಪೋರ್ಟಲ್ ಮೂಲಕ ಬರೆಯಬೇಕು. ಅಲ್ಲೂ ಬಗೆಹರಿಯದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷ ರೂ.ವರೆಗಿನ ವ್ಯಾಜ್ಯಗಳನ್ನು ಅಲ್ಲಿ ತೆಗೆದುಕೊಳ್ಳುತ್ತಾರೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಬೆಂಗಳೂರು ಈ ಎಲ್ಲ ನಗರಗಳಲ್ಲೂ ಓಂಬುಡ್ಸ್‌ಮನ್ ಕಚೇರಿಗಳಿವೆ.